ಮಾತ್ರೆ ಕಡಿಮೆ ಮಾಡುವ ಕೆಲಸ

ವಯಸ್ಸಾದವರು ಮೊದಲ ಸಲ ಬರುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬರಲು ಹೇಳುತ್ತೇನೆ. ಚೀಟಿಯಲ್ಲಿರುವುದು ವೈದ್ಯರು ಬರೆದದ್ದು, ಚೀಲದಲ್ಲಿರುವುದು ರೋಗಿ ನುಂಗುತ್ತಿರುವುದು. ಎರಡೂ ತಾಳೆಯಾಗುವುದು ಅಪರೂಪ. ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಸಿಗುತ್ತದೆ. ನೆಗಡಿಗೆಂದು ಅಂಗಡಿಯಿಂದ ತಂದದ್ದು, ನಿದ್ದೆಗೆಂದು ಯಾರೋ ಕೊಟ್ಟದ್ದು ಎಲ್ಲವೂ ಹೊರಬರುತ್ತವೆ.

ಇತ್ತೀಚೆಗೆ ಮರೆವಿನ ಕಾಯಿಲೆ ಎಂದು ಒಬ್ಬ ಅಜ್ಜಿಯನ್ನು ಕರೆತಂದಿದ್ದರು. ಚೀಲದಲ್ಲಿದ್ದ ಔಷಧಗಳನ್ನು ಶುರುವಾದ ಕ್ರಮದಲ್ಲಿ ಮೇಜಿನ ಮೇಲೆ ಜೋಡಿಸಿದೆ. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್. ಅದರಿಂದ ಪಾದ ಊದಿಕೊಂಡಾಗ ಫ್ಯೂರೋಸೆಮೈಡ್. ಅದು ಪದೇ ಪದೇ ಮೂತ್ರಕ್ಕೆ ಓಡಿಸಿದಾಗ ಆಕ್ಸಿಬ್ಯುಟಿನಿನ್. ಇದು ಮುಪ್ಪಿನ ಮಿದುಳಿಗೆ ಮಂಕು ಕವಿಸುತ್ತದೆ, ಮಲಬದ್ಧತೆಯನ್ನೂ ತರುತ್ತದೆ. ಆದ್ದರಿಂದ ಮಲ ಸಡಿಲಿಸಲು ಒಂದು ಮಾತ್ರೆ, ಮರೆವಿಗೆ ಇನ್ನೊಂದು. ಪ್ರತಿಯೊಂದನ್ನೂ ಬರೆದವರ ಬಳಿ ಕಾರಣವಿತ್ತು. ಇಡೀ ಸಾಲನ್ನು ಒಟ್ಟಿಗೆ ನೋಡಿದವರಿರಲಿಲ್ಲ. ಊತ ಹೃದಯದಿಂದಲೋ ಮೂತ್ರಪಿಂಡದಿಂದಲೋ ಬಂದದ್ದಲ್ಲ ಎಂದು ಪರೀಕ್ಷಿಸಿಕೊಂಡು, ಮೊದಲು ಆಕ್ಸಿಬ್ಯುಟಿನಿನ್ ನಿಲ್ಲಿಸಿದೆ. ಆಮೇಲೆ ಆಮ್ಲೋಡಿಪಿನ್ ಬದಲಿಸಿದೆ, ಊತ ಇಳಿದ ಮೇಲೆ ಫ್ಯೂರೋಸೆಮೈಡ್ ಬಿಡಿಸಿದೆ. ಮರೆವು ಪೂರ್ತಿ ಹೋಗಲಿಲ್ಲ. ಆದರೆ ಮೊಮ್ಮಕ್ಕಳ ಹೆಸರು ತಪ್ಪುವುದು ನಿಂತಿತು, ಮಲವಿಸರ್ಜನೆಯೂ ಸರಿಹೋಯಿತು.

ವೃದ್ಧರಿಗೆ ಕೇಡು ಮಾಡಬಹುದಾದ ಔಷಧಗಳ ಬೀರ್ಸ್ ಪಟ್ಟಿ 1991ರಿಂದಲೇ ಇದೆ. ಪಟ್ಟಿ ನೋಡಿ ಒಂದೇ ದಿನದಲ್ಲಿ ಎಲ್ಲವನ್ನೂ ಕತ್ತರಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಒಂದು ಸಲಕ್ಕೆ ಒಂದೇ ಔಷಧ. ಎರಡನ್ನು ಒಟ್ಟಿಗೆ ಬಿಡಿಸಿದರೆ ಆಮೇಲೆ ಕಾಣುವ ಬದಲಾವಣೆ ಯಾವುದರದ್ದೆಂದು ಹೇಳಲಾಗದು. ನಿದ್ದೆ ಮಾತ್ರೆಯನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತೇನೆ. ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಅನ್ನೂ ಥಟ್ಟನೆ ನಿಲ್ಲಿಸುವಂತಿಲ್ಲ. ಆಮ್ಲ ತಡೆಯುವ ಮಾತ್ರೆ ಬಿಟ್ಟಾಗ ಕೆಲವು ದಿನ ಎದೆಯುರಿ ಹೆಚ್ಚಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮೂರನೆಯ ದಿನಕ್ಕೇ ಮತ್ತೆ ಶುರು ಮಾಡಿರುತ್ತಾರೆ. ರಕ್ತದೊತ್ತಡವನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡುತ್ತೇನೆ. ಮೇಲಿನ ಅಂಕಿ 20ರಷ್ಟು ಕುಸಿದರೆ, ಬಿದ್ದು ಸೊಂಟ ಮುರಿದುಕೊಳ್ಳುವ ಮುನ್ನವೇ ಔಷಧ ತಗ್ಗಿಸಬೇಕು.

ಆಯಸ್ಸು ಕೆಲವೇ ತಿಂಗಳು ಉಳಿದಿದೆ ಎನ್ನುವಾಗ ಲೆಕ್ಕ ಬೇರೆ. ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಫಲ ಕೊಡಲು ವರ್ಷಗಳು ಬೇಕು. ಇಂಥ ರೋಗಿಗಳಲ್ಲಿ ಅದನ್ನು ನಿಲ್ಲಿಸುವುದು ಸುರಕ್ಷಿತ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮನೆಯವರಿಗೆ ಅಧ್ಯಯನ ಬೇಕಿಲ್ಲ. "ಹಾಗಾದರೆ ಕೈಬಿಟ್ಟಿರಾ ಡಾಕ್ಟರೇ?" ಎಂದು ಕೇಳುತ್ತಾರೆ. ಆದ್ದರಿಂದ ಏನು ತೆಗೆಯುತ್ತೇನೆ ಎನ್ನುವುದಕ್ಕಿಂತ ಮೊದಲು ಏನು ಕೊಡುತ್ತೇನೆ ಎಂದು ಹೇಳುತ್ತೇನೆ: ನೋವಿಗೆ ಇದು, ಉಬ್ಬಸಕ್ಕೆ ಇದು, ಬಾಯಿ ಒಣಗಿದರೆ ಹೀಗೆ ಮಾಡಿ. ಮಾರ್ಫಿನ್ ಹೆಸರಿಗೆ ಎಲ್ಲರೂ ಬೆಚ್ಚುತ್ತಾರೆ. ದುರ್ಬಲರಿಗೆ ಬಾಯಿಯ ಮೂಲಕ 2.5 ಮಿಲಿಗ್ರಾಂನಿಂದ ಶುರು ಮಾಡಿ, ನೋವು ನೋಡಿಕೊಂಡು ಏರಿಸುತ್ತೇನೆ. ಮೂತ್ರಪಿಂಡ ಸೋತಿದ್ದರೆ ಇನ್ನೂ ಜಾಗ್ರತೆ. ಮಾರ್ಫಿನ್ ತರುವ ಮಲಬದ್ಧತೆಗೆ ಔಷಧವನ್ನು ಮೊದಲ ದಿನವೇ ಜೊತೆಗೆ ಬರೆಯುತ್ತೇನೆ, ಕೇಳುವವರೆಗೆ ಕಾಯುವುದಿಲ್ಲ.

ಇಷ್ಟೆಲ್ಲ ಮಾಡಿ ಕಳುಹಿಸಿದವರು ಜ್ವರಕ್ಕೆಂದು ಆಸ್ಪತ್ರೆ ಸೇರಿ, ಬಿಡಿಸಿದ್ದನ್ನೆಲ್ಲ ಮತ್ತೆ ಬರೆಸಿಕೊಂಡು ಬರುವುದುಂಟು. ಹಳೆಯ ಚೀಟಿ ನೋಡಿ ಹೊಸ ಚೀಟಿ ಬರೆದರೆ ಇನ್ನೇನಾಗುತ್ತದೆ! ಅದಕ್ಕಾಗಿ ಈಗ ಕಡತದ ಮೇಲೆಯೇ ದಪ್ಪಕ್ಷರದ ಹಾಳೆ ಅಂಟಿಸಿ ಕೊಡುತ್ತೇನೆ: ಯಾವ ಔಷಧ ನಿಲ್ಲಿಸಿದ್ದು, ಯಾವ ತಾರೀಖು, ಯಾಕೆ, ಮತ್ತೆ ಶುರು ಮಾಡುವ ಮುನ್ನ ಕರೆ ಮಾಡಬೇಕಾದ ನನ್ನ ಫೋನ್ ಸಂಖ್ಯೆ.