ಬಾಲ ಹಿಡಿದು ತಲೆ ಹುಡುಕುವ ಕ್ರಮ: ಇನ್‌ಫೀರಿಯರ್‌ನಿಂದ ಡಾಮಿನೆಂಟ್ ಗುರುತಿಸಿದ ನನ್ನ ಅನುಭವ

ಜನರ ವ್ಯಕ್ತಿತ್ವವನ್ನು ನಾಲ್ಕಕ್ಷರದ 16 ಟೈಪುಗಳಾಗಿ ವಿಂಗಡಿಸುವ ಮೈಯರ್ಸ್-ಬ್ರಿಗ್ಸ್ (ಎಂಬಿಟಿಐ) ಪದ್ಧತಿಯ ಪ್ರಶ್ನಾವಳಿಯನ್ನು ಪಕ್ಕಕ್ಕಿಟ್ಟು, ಮನುಷ್ಯ ದಣಿದಾಗ ಎಲ್ಲಿ ಮುಗ್ಗರಿಸುತ್ತಾನೆ ಎಂಬಲ್ಲಿಂದ ಶುರುಮಾಡಿದರೂ ಟೈಪ್ ಸಿಗುತ್ತದೆ ಎಂದಾಗ ಈ ಕೆಲಸದಲ್ಲಿರುವ ಹಲವರು ಒಪ್ಪಲಿಲ್ಲ. "ಒತ್ತಡದಲ್ಲಿ ಎಲ್ಲರೂ ಒಂದೇ ಥರ ಕೂಗಾಡ್ತಾರೆ, ಅದರಲ್ಲಿ ಏನು ಟೈಪ್ ಹುಡುಕ್ತೀರಿ?" ಎಂಬುದು ಅವರ ಆಕ್ಷೇಪ. ನಾಲ್ಕು ವರ್ಷದಲ್ಲಿ ಸುಮಾರು 70 ಜನರ ಜೊತೆ ಈ ಕ್ರಮ ನಡೆಸಿದ್ದೇನೆ. ಮೊದಲ 25ರಲ್ಲಿ ಅರ್ಧಕ್ಕರ್ಧ ಕೆಟ್ಟವು. ಆಮೇಲಿನವರನ್ನು ಆರು ತಿಂಗಳು ಬಿಟ್ಟು ಮತ್ತೆ ಕೂರಿಸಿದಾಗ ಟೈಪ್ ತಿದ್ದಬೇಕಾಗಿ ಬಂದದ್ದು ಐದಾರು ಜನರದ್ದು ಮಾತ್ರ. ಬರೀ ಪ್ರಶ್ನಾವಳಿ ನಂಬಿಕೊಂಡು ಕೆಲಸ ಮಾಡುತ್ತಿದ್ದಾಗ ಇದಕ್ಕಿಂತ ಬಹಳ ಹೆಚ್ಚು ತಿದ್ದಬೇಕಾಗುತ್ತಿತ್ತು.

ಈ ಪದ್ಧತಿಯ ಪ್ರಕಾರ ಮನಸ್ಸು ಕೆಲಸ ಮಾಡುವ ರೀತಿಗಳು, ಅಂದರೆ ಫಂಕ್ಷನ್‌ಗಳು, ನಾಲ್ಕು: ಥಿಂಕಿಂಗ್, ಫೀಲಿಂಗ್, ಸೆನ್ಸಿಂಗ್, ಇಂಟ್ಯೂಶನ್. ಒಬ್ಬರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಡಾಮಿನೆಂಟ್, ತಳದ ನಾಲ್ಕನೆಯದು ಇನ್‌ಫೀರಿಯರ್. ಪ್ರಶ್ನಾವಳಿ ಕೇಳುವುದೆಲ್ಲ ಗಟ್ಟಿ ಬದಿಯ ಬಗ್ಗೆ. ಹತ್ತು ವರ್ಷ ಅಪ್ರೈಸಲ್ ಫಾರ್ಮ್ ತುಂಬಿದ ಬೆಂಗಳೂರಿನ ಐಟಿಯವರು ಕಚೇರಿಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. ಹಾಗಾಗಿ ಬಂದವರೆಲ್ಲ ಥಿಂಕಿಂಗ್, ಎಲ್ಲರ ಟೈಪಿನ ಕೊನೆಯ ಅಕ್ಷರವೂ ಜೆ (ಜಡ್ಜಿಂಗ್, ಎಲ್ಲವನ್ನೂ ತೀರ್ಮಾನಿಸಿ ಮುಗಿಸುವ ರೀತಿ). ನಾಲ್ಕನೆಯ ಫಂಕ್ಷನ್ನನ್ನು ಯಾರೂ ರೆಸ್ಯೂಮೆಗೆ ಹಾಕಿಕೊಂಡಿರುವುದಿಲ್ಲ, ಅದಕ್ಕೆ ಬಣ್ಣ ಬಳಿದಿರುವುದಿಲ್ಲ. ಥಿಂಕಿಂಗ್ ಮೇಲಿದ್ದರೆ ಫೀಲಿಂಗ್ ತಳಕ್ಕೆ, ಇಂಟ್ಯೂಶನ್ ಮೇಲಿದ್ದರೆ ಸೆನ್ಸಿಂಗ್ ತಳಕ್ಕೆ ಎಂದು ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲೇ ಬರೆದಿಟ್ಟ ವಿರೋಧದ ಜೋಡಿಯನ್ನು ಒಪ್ಪಿದ ಮೇಲೆ, ತಳದಲ್ಲಿರುವುದು ಗೊತ್ತಾದರೆ ಮೇಲಿನದು ತಾನಾಗಿ ಗೊತ್ತಾಗಬೇಕು. ಒಂದು ಅಂತರ್ಮುಖಿಯಾದರೆ ಇನ್ನೊಂದು ಬಹಿರ್ಮುಖಿ, ಅದೂ ಅಲ್ಲೇ ತೀರ್ಮಾನವಾಗುತ್ತದೆ.

ಇಲ್ಲಿ ಪಳಗಿದವರೂ ಮಾಡುವ ತಪ್ಪೊಂದಿದೆ. ಟೈಪಿನ ಮೊದಲ ಅಕ್ಷರ ಐ ಆದರೆ ಅಂತರ್ಮುಖಿ, ಇ ಆದರೆ ಬಹಿರ್ಮುಖಿ. ಎರಡನೆಯದು ಎಸ್ ಸೆನ್ಸಿಂಗ್, ಎನ್ ಇಂಟ್ಯೂಶನ್. ಮೂರನೆಯದು ಟಿ ಥಿಂಕಿಂಗ್, ಎಫ್ ಫೀಲಿಂಗ್. ಕೊನೆಯದು ಜೆ ಜಡ್ಜಿಂಗ್, ಪಿ ಪರ್ಸೀವಿಂಗ್. ಐಎನ್‌ಟಿಪಿ ಎಂದು ಬಂದ ತಕ್ಷಣ ಕೊನೆಯ ಪಿ ನೋಡಿ ಇಂಟ್ಯೂಶನ್ನೇ ಡಾಮಿನೆಂಟ್ ಎಂದು ಬರೆದುಬಿಡುತ್ತಾರೆ. ಕೊನೆಯ ಅಕ್ಷರ ಹೇಳುವುದು ಹೊರಗಿನ ಜಗತ್ತಿಗೆ ತೋರುವ ಫಂಕ್ಷನ್ ಯಾವುದು ಎಂದು: ಜೆ ಆದರೆ ಥಿಂಕಿಂಗ್ ಅಥವಾ ಫೀಲಿಂಗ್, ಪಿ ಆದರೆ ಸೆನ್ಸಿಂಗ್ ಅಥವಾ ಇಂಟ್ಯೂಶನ್. ಅಂತರ್ಮುಖಿಗಳಲ್ಲಿ ಅದು ಎರಡನೆಯದು, ಮೊದಲನೆಯದಲ್ಲ. ಐಎನ್‌ಟಿಪಿಗೆ ಡಾಮಿನೆಂಟ್ ಅಂತರ್ಮುಖಿ ಥಿಂಕಿಂಗ್, ಇನ್‌ಫೀರಿಯರ್ ಬಹಿರ್ಮುಖಿ ಫೀಲಿಂಗ್. ಇದು ತಪ್ಪಿದರೆ ಇಲ್ಲದ ಇನ್‌ಫೀರಿಯರ್ ಸೆನ್ಸಿಂಗ್ ಹುಡುಕುತ್ತಾ ಮೂರು ವಾರ ಹಾಳು. ನನ್ನ ಮೊದಲ ವರ್ಷದ ಸೋಲುಗಳಲ್ಲಿ ನಾಲ್ಕೈದು ಇದರಿಂದಲೇ ಆದವು.

ಉಳಿದ ಸೋಲುಗಳಿಗೆ ಕಾರಣ ಭಾಷೆ. ಮೊದಲ ಸುತ್ತಿಗೆ 200 ಸೆಟ್ ಬಣ್ಣದ ಕಾರ್ಡ್ ಅಚ್ಚು ಹಾಕಿಸಿದ್ದು, ಸುಮಾರು 14,000 ರೂಪಾಯಿ. ಫೀಲಿಂಗ್‌ಗೆ 'ಭಾವನೆ', ಸೆನ್ಸಿಂಗ್‌ಗೆ 'ಇಂದ್ರಿಯ', ಇಂಟ್ಯೂಶನ್‌ಗೆ 'ಅಂತಃಪ್ರಜ್ಞೆ' ಎಂದು ಹಾಕಿದ್ದೆ. ಮೂರೂ ಕೈಕೊಟ್ಟವು. 'ಇಂದ್ರಿಯ' ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಇಂದ್ರಿಯ ನಿಗ್ರಹ. ಆ ಕಾರ್ಡನ್ನು ಆರಿಸಿಕೊಳ್ಳಲು ಮನೆಯ ಹಿರಿಯರು ನಾಚಿಕೊಂಡರು. 'ಅಂತಃಪ್ರಜ್ಞೆ' ಸಾಧುಸಂತರ ಶಕ್ತಿಯಂತೆ ಕೇಳಿಸಿ, ಕೆಲವರು ವಿನಯದಿಂದ ಬಿಟ್ಟರು, ಕೆಲವರು ಆಸೆಯಿಂದ ತೆಗೆದುಕೊಂಡರು. 'ಭಾವನೆ'ಯಂತೂ ಪೂರಾ ದಾರಿ ತಪ್ಪಿಸಿತು. ಯೂಂಗ್‌ನ ಫೀಲಿಂಗ್ ಅಂದರೆ ಕಣ್ಣೀರಲ್ಲ, ಅದು ಬೆಲೆ ಕಟ್ಟುವ ಕೆಲಸ. ಅದಕ್ಕೇ ಅವನು ಅದನ್ನು ಥಿಂಕಿಂಗ್ ಜೊತೆಗೆ ವಿವೇಚನೆಯ ಗುಂಪಿಗೆ ಸೇರಿಸಿದ್ದು.

ಕಾರ್ಡುಗಳನ್ನು ರದ್ದಿಗೆ ಹಾಕಿ ಮಾತನ್ನು ಬದಲಿಸಿದೆ. ಸೆನ್ಸಿಂಗ್‌ಗೆ 'ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು'. ಇಂಟ್ಯೂಶನ್‌ಗೆ 'ಹೊಳೆದದ್ದು'. ಥಿಂಕಿಂಗ್‌ಗೆ 'ಲೆಕ್ಕಕ್ಕೆ ಕೂತದ್ದು'. ಫೀಲಿಂಗ್‌ಗೆ 'ಮನಸ್ಸಿಗೆ ಬಂದದ್ದು, ಬಾರದ್ದು'. ಈಗ ಅಚ್ಚಿನ ಕಾರ್ಡ್ ಇಲ್ಲ. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದದ್ದೇ ಸಾಕು, ಖರ್ಚು 60 ರೂಪಾಯಿ ದಾಟುವುದಿಲ್ಲ.

ಮುಖ್ಯ ಸಾಮಾನು ಒಂದು ನೋಟ್‌ಬುಕ್. 100 ಪುಟದ್ದು ಸಾಕು, ದಣಿದು ಮುಗ್ಗರಿಸಿದಾಗಲೆಲ್ಲ ಬಂದವರು ಅದರಲ್ಲಿ ಬರೆಯಬೇಕು, ಮೂರು ವಾರ. ಪುಟಕ್ಕೆ ನಾಲ್ಕು ಕಾಲಂ: ಹೊತ್ತು, ಅದಕ್ಕೆ ಮುಂಚಿನ ಆರು ಗಂಟೆ ಏನು ನಡೆದಿತ್ತು, ಬಾಯಿಂದ ಬಂದ ಮಾತು ಇದ್ದದ್ದು ಇದ್ದಂತೆ, ಅದು ಇಳಿಯಲು ಹಿಡಿದ ಸಮಯ. ಮೂರನೆಯ ಕಾಲಂನಲ್ಲಿ ಸಾರಾಂಶ ಬರೆದರೆ ಆ ದಿನದ ಪುಟ ಲೆಕ್ಕಕ್ಕಿಲ್ಲ. 'ಕೋಪ ಬಂತು' ಎಂಬುದರಲ್ಲಿ ಏನೂ ಇಲ್ಲ. 'ಈ ಮನೇಲಿ ಒಬ್ಬರಿಗೂ ಒಂದು ಕೆಲಸ ನೆಟ್ಟಗೆ ಮಾಡೋಕೆ ಬರಲ್ಲ' ಎಂದು ಬರೆದರೆ ಅಲ್ಲಿ ಇನ್‌ಫೀರಿಯರ್ ಥಿಂಕಿಂಗ್‌ನ ವಾಸನೆ ಇದೆ. ಮೂರು ವಾರಕ್ಕೆ 8 ಒಳ್ಳೆಯ ದಾಖಲೆ ಸಿಕ್ಕರೆ ಚೆನ್ನ. 5ಕ್ಕಿಂತ ಕಡಿಮೆ ಇದ್ದರೆ ನಾನು ಟೈಪ್ ಹೇಳುವುದಿಲ್ಲ, ಇನ್ನೆರಡು ವಾರ ಕೇಳುತ್ತೇನೆ.

ಎಲ್ಲ ಸಿಟ್ಟೂ ಇನ್‌ಫೀರಿಯರ್ ಅಲ್ಲ ಎಂಬ ಆಕ್ಷೇಪ ನಿಜ, ಜರಡಿ ಬೇಕೇ ಬೇಕು. ಇನ್‌ಫೀರಿಯರ್‌ನ ಹಿಡಿತಕ್ಕೆ ಸಿಕ್ಕವನ ಮಾತಿನಲ್ಲಿ 'ಯಾವಾಗಲೂ', 'ಒಂದೇ ಒಂದು ಸಲವೂ', 'ಎಲ್ಲಾ ಮುಗೀತು' ಎಂಬಂಥವು ತುಂಬಿರುತ್ತವೆ. ಅವನ ಹಾಸ್ಯಪ್ರಜ್ಞೆ ಪೂರ್ತಿ ಹೋಗಿರುತ್ತದೆ. ಇಳಿದ ಮೇಲೆ 'ನಾನು ನಾನಾಗಿರಲಿಲ್ಲ' ಎನ್ನುತ್ತಾನೆ. ಈ ಮೂರರಲ್ಲಿ ಎರಡಾದರೂ ಇಲ್ಲದಿದ್ದರೆ ಆ ದಾಖಲೆಗೆ ಅಡ್ಡಗೆರೆ ಹೊಡೆಯುತ್ತೇನೆ. ಹಸಿವಿನ ಸಿಟ್ಟು ಎಲ್ಲ ಟೈಪಿನಲ್ಲೂ ಒಂದೇ. ಏಕಾದಶಿ, ಸಂಕಷ್ಟಿ ಉಪವಾಸದ ದಿನದ ದಾಖಲೆಗಳನ್ನು ಬೇರೆ ತೆಗೆದು ನೋಡಿದ್ದೆ, ಹೆಚ್ಚಿನ ಫಲ ಸಿಗಬಹುದೆಂದು. ಸಿಗಲಿಲ್ಲ. ಊಟವಾದ ಅರ್ಧ ಗಂಟೆಗೆ ಅದು ಇಳಿದಿರುತ್ತದೆ, ನಾಚಿಕೆಯನ್ನೂ ಉಳಿಸುವುದಿಲ್ಲ. ನಿದ್ದೆಗೆಟ್ಟ ದಿನದ ದಾಖಲೆ, ಜ್ವರದಿಂದ ಏಳುತ್ತಿರುವ ದಿನದ್ದು, ಮದುವೆ ಮನೆಯಲ್ಲಿ ಮೂರು ದಿನ ಓಡಾಡಿ ಬಂದ ಮಾರನೆಯ ದಿನದ್ದು, ಇವು ಬಂಗಾರ. ಎರಡು ವಾರ ಬಿಡದೆ ಅದೇ ಸ್ಥಿತಿ ಇದ್ದರೆ ಅದು ನಮ್ಮ ಕೆಲಸವೇ ಅಲ್ಲ, ನೋಟ್‌ಬುಕ್ ಮುಚ್ಚಿ ಡಾಕ್ಟರ ಹತ್ತಿರ ಕಳಿಸಬೇಕು. ಥೈರಾಯ್ಡ್ ಏರುಪೇರನ್ನೂ ಖಿನ್ನತೆಯನ್ನೂ ಟೈಪ್ ಎಂದು ಓದಿದರೆ ಅದು ಅಪರಾಧ.

ಈಗ ಕಷ್ಟದ ಭಾಗ. ಒಂದನ್ನೊಂದು ಹೋಲುವ ಜೋಡಿಗಳನ್ನು ಬಿಡಿಸಬೇಕು. ಐಎಸ್‌ಟಿಜೆ, ಐಎಸ್‌ಎಫ್‌ಜೆಗಳ ಇನ್‌ಫೀರಿಯರ್ ಬಹಿರ್ಮುಖಿ ಇಂಟ್ಯೂಶನ್. ಇಎಸ್‌ಟಿಪಿ, ಇಎಸ್‌ಎಫ್‌ಪಿಗಳದ್ದು ಅಂತರ್ಮುಖಿ ಇಂಟ್ಯೂಶನ್. ಎರಡರಲ್ಲೂ ಕಾಣುವುದು ಕೇಡಿನ ಭಯ. ಮಾತು ಕೇಳಿದರೆ ಬೇರೆಯಾಗುತ್ತದೆ. ಮೊದಲಿನವರ ಭಯ ಕವಲೊಡೆಯುತ್ತದೆ: ಮಗ ಫೋನ್ ಎತ್ತಲಿಲ್ಲ, ಆಕ್ಸಿಡೆಂಟ್ ಆಗಿರಬಹುದು, ಇಲ್ಲಾ ಫೋನ್ ಕಳ್ಳತನವಾಗಿರಬಹುದು, ಇಲ್ಲಾ ಯಾರದೋ ಸಹವಾಸ ಬಿದ್ದಿರಬಹುದು. ಎರಡನೆಯವರದ್ದು ಒಂದೇ ಕಡೆ ಕೂಡುತ್ತದೆ: 'ಮೊನ್ನೆ ಅದು, ನಿನ್ನೆ ಇದು, ಇವತ್ತು ಫೋನ್ ಎತ್ತಲಿಲ್ಲ, ಇದೆಲ್ಲಾ ಏನೋ ಹೇಳ್ತಿದೆ.' ಕವಲುಗಳನ್ನು ಎಣಿಸಿ. ಮೂರೋ ಅದಕ್ಕಿಂತ ಹೆಚ್ಚೋ ಇದ್ದರೆ ಬಹಿರ್ಮುಖಿ, ಎಲ್ಲವೂ ಒಂದೇ ಅರ್ಥಕ್ಕೆ ಬಂದು ನಿಂತರೆ ಅಂತರ್ಮುಖಿ.

ಥಿಂಕಿಂಗ್ ತಳದಲ್ಲಿರುವವರಲ್ಲೂ ಹೀಗೇ. ಐಎನ್‌ಎಫ್‌ಪಿ, ಐಎಸ್‌ಎಫ್‌ಪಿ ಹಿಡಿತಕ್ಕೆ ಸಿಕ್ಕರೆ ಬೇರೆಯವರ ಅಸಮರ್ಥತೆಯ ಪಟ್ಟಿ ಮಾಡುತ್ತಾರೆ, ಆಮೇಲೆ ಅರ್ಧರಾತ್ರಿಯಲ್ಲಿ ಬೀರು ಖಾಲಿ ಮಾಡುವುದೋ ರಾಜೀನಾಮೆ ಮೇಲ್ ಕಳಿಸುವುದೋ, ಅಂತೂ ಏನಾದರೂ ಮಾಡಿಯೇ ತೀರುತ್ತಾರೆ. ಇಎಸ್‌ಎಫ್‌ಜೆ, ಇಎನ್‌ಎಫ್‌ಜೆಗಳು ಕೂತಲ್ಲೇ ವಾದ ಹೆಣೆಯುತ್ತಾರೆ. 'ಅವಳು ಹಾಗಂದಳು ಅಂದ್ರೆ ಇದು ಗೊತ್ತಿತ್ತು, ಇದು ಗೊತ್ತಿತ್ತು ಅಂದ್ರೆ...' ಎಂದು ಸಿಕ್ಕು ಬೆಳೆಯುತ್ತದೆ. ಅದು ಬಿಡಿಸಲಾರದೆ ಉತ್ತರ ಹೇಳುವ ಯಾರನ್ನಾದರೂ ಹುಡುಕಿ ಹೊರಡುತ್ತಾರೆ, ಪುಸ್ತಕವಾದರೂ ಸರಿ, ಜ್ಯೋತಿಷಿಯಾದರೂ ಸರಿ. ಫೀಲಿಂಗ್ ತಳದಲ್ಲಿದ್ದರೆ: ಐಎನ್‌ಟಿಪಿ, ಐಎಸ್‌ಟಿಪಿಗಳ ದೂರು 'ನಾನು ಯಾರಿಗೂ ಬೇಡ' ಎಂದು ಹೊರಗಿನವರ ಕಡೆಗೆ ತಿರುಗಿರುತ್ತದೆ, ಇಎಸ್‌ಟಿಜೆ, ಇಎನ್‌ಟಿಜೆಗಳು ಬಾಗಿಲು ಹಾಕಿಕೊಳ್ಳುತ್ತಾರೆ, ಕೇಳಿದರೆ ಹೆಸರಿಡಲು ಬರುವುದಿಲ್ಲ, ಮೂರನೆಯ ಕಾಲಂ ಖಾಲಿ ಬರುತ್ತದೆ. ಆ ಖಾಲಿಯೇ ಗುರುತು. ಇದು ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೆ ಅಂಥ ನೋಟ್‌ಬುಕ್ಕುಗಳನ್ನು 'ಸಹಕಾರವಿಲ್ಲ' ಎಂದು ವಾಪಸ್ ಕೊಡುತ್ತಿದ್ದೆ.

ಸೆನ್ಸಿಂಗ್ ಜೋಡಿ ಸುಲಭ. ಐಎನ್‌ಟಿಜೆ, ಐಎನ್‌ಎಫ್‌ಜೆ ಹೊರಗಿನ ವಸ್ತುವಿನ ಮೇಲೆ ಬೀಳುತ್ತಾರೆ: ತಿನ್ನುವುದು, ಕೊಳ್ಳುವುದು, ನಡುರಾತ್ರಿ ನೆಲ ಉಜ್ಜುವುದು. ಇಎನ್‌ಟಿಪಿ, ಇಎನ್‌ಎಫ್‌ಪಿ ತಮ್ಮ ಮೈಯೊಳಗಿನ ಒಂದು ನೋವಿಗೆ ಅಂಟಿಕೊಂಡು ಅದನ್ನೇ ದೊಡ್ಡ ಕಾಯಿಲೆ ಎಂದುಕೊಳ್ಳುತ್ತಾರೆ.

'ಯಾವ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ಬಿಟ್ಟಿದ್ದೀರಿ?' ಎಂಬ ಪ್ರಶ್ನೆಯಿಂದ ನನಗೆ ಬಹಳ ನಿರೀಕ್ಷೆ ಇತ್ತು. ತಳದ ಫಂಕ್ಷನ್ನನ್ನು ಸಂಗಾತಿಯ ಹೆಗಲಿಗೆ ಹಾಕುವುದು ಸಾಮಾನ್ಯ. ಆದರೆ ನಮ್ಮ ಮನೆಗಳಲ್ಲಿ ಕೆಲಸ ಹಂಚುವುದು ಟೈಪ್ ಅಲ್ಲ, ಪದ್ಧತಿ. ಅಡುಗೆ ಅವರದ್ದು, ಬ್ಯಾಂಕ್ ಇವರದ್ದು ಎಂಬುದು ಇಬ್ಬರೂ ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. ಈ ಪ್ರಶ್ನೆಯನ್ನು ಕೈಬಿಟ್ಟೆ. ಅದರ ಜಾಗಕ್ಕೆ ಬಂದ ಪ್ರಶ್ನೆಯೊಂದಿದೆ, ಎರಡನೆಯ ಬೈಠಕ್ಕಿನ ಕೊನೆಗೆ ಕೇಳುವಂಥದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂಚೆಯೇ ಓದಿಕೊಂಡು ಬಂದವರ ಮೇಲೆ ಅದು ಕೆಲಸ ಮಾಡುವುದಿಲ್ಲ.

ಇನ್ನೊಂದು ಅಡ್ಡ ಪ್ರಯೋಗ ಪದ ಪರೀಕ್ಷೆ. ಯೂಂಗ್ ಬುರ್ಗ್‌ಹೋಲ್ಜ್ಲಿ ಆಸ್ಪತ್ರೆಯಲ್ಲಿ ಸ್ಟಾಪ್‌ವಾಚ್ ಹಿಡಿದು, ಪದ ಹೇಳಿ, ಉತ್ತರ ಬರಲು ಹಿಡಿದ ಸಮಯ ಅಳೆಯುತ್ತಿದ್ದ. ಅದೇ ರೀತಿ 40 ಕನ್ನಡ ಪದ ಜೋಡಿಸಿದೆ, ಫಂಕ್ಷನ್‌ಗೆ ಹತ್ತರಂತೆ. ತಳದ ಫಂಕ್ಷನ್‌ನ ಪದಗಳಲ್ಲಿ ತಡ ಕಾಣಬೇಕೆಂಬುದು ನನ್ನ ಊಹೆ. ಕಂಡದ್ದೇ ಬೇರೆ. 'ಸಾಲ', 'ಸೊಸೆ', 'ಪಾಲು' ಬಂದಲ್ಲಿ ಎಲ್ಲ ಟೈಪಿನವರೂ ನಿಂತರು. ಆ ಪರೀಕ್ಷೆ ಹಿಡಿಯುವುದು ಮನಸ್ಸಿನ ಗಂಟುಗಳನ್ನು, ಫಂಕ್ಷನ್‌ಗಳನ್ನಲ್ಲ. ಯೂಂಗ್ ಬಳಸಿದ್ದೂ ಅದಕ್ಕೇ. ಸುಮಾರು 15 ಜನರ ಮೇಲೆ ಮಾಡಿ ನಿಲ್ಲಿಸಿದೆ.

ಟೈಪ್ ಸಿಕ್ಕ ಮೇಲಿನ ಕೆಲಸವೇ ನಿಜವಾದ ಕೆಲಸ. ಇನ್‌ಫೀರಿಯರ್ ಬೆಳೆಸುತ್ತೇನೆಂದು ನೇರವಾಗಿ ಅದಕ್ಕೇ ಕೈಹಾಕಿದವರೆಲ್ಲ ಸುಟ್ಟುಕೊಂಡಿದ್ದಾರೆ. ಡಾಮಿನೆಂಟ್ ಬಂದು ಆ ಕೆಲಸವನ್ನೂ ಕಿತ್ತುಕೊಳ್ಳುತ್ತದೆ. ಐಎನ್‌ಟಿಜೆಗೆ ಜೇಡಿಮಣ್ಣು ಕೊಟ್ಟರೆ ಮೂರನೆಯ ದಿನಕ್ಕೆ ಅದರಲ್ಲಿ ಸಂಕೇತ ಹುಡುಕುತ್ತಾನೆ. ಇಎನ್‌ಟಿಜೆಗೆ ಮನಸ್ಸಿನ ಮಾತು ಕೇಳು ಎಂದರೆ ಅದಕ್ಕೂ ಟಾರ್ಗೆಟ್ ಹಾಕಿ ಚಾರ್ಟ್ ಮಾಡುತ್ತಾನೆ. ಐಎನ್‌ಟಿಪಿಗೆ ಸಂಬಂಧ ಬೆಳೆಸು ಎಂದರೆ ಭಾವನೆಗಳ ಬಗ್ಗೆ ಹತ್ತು ಪುಸ್ತಕ ಓದಿ ಬರುತ್ತಾನೆ. ಅದಕ್ಕಾಗಿ ಎರಡನೆಯ ಫಂಕ್ಷನ್ ದಾರಿಯಿಂದ, ಸಣ್ಣ ಅಳತೆಯಲ್ಲಿ ಹೋಗಬೇಕು. ವಾರಕ್ಕೆ ಮೂರು ದಿನ, 20 ನಿಮಿಷ. ಫೋಟೋ ತೆಗೆಯಬಾರದು, ಯಾರಿಗೂ ತೋರಿಸಬಾರದು. ಐಎನ್‌ಟಿಜೆಗೆ ಎರಡನೆಯದು ಬಹಿರ್ಮುಖಿ ಥಿಂಕಿಂಗ್, ಆದ್ದರಿಂದ ಹಂತಹಂತವಾಗಿ ಸಾಗುವ ಕೈಕೆಲಸ ಒಗ್ಗುತ್ತದೆ: ಹುರುಳಿಕಾಯಿ ಒಂದೇ ಅಳತೆಗೆ ಹೆಚ್ಚುವುದು, ಸೈಕಲ್ ಚೈನ್ ಬಿಚ್ಚಿ ತೊಳೆಯುವುದು. ಐಎನ್‌ಎಫ್‌ಜೆಗೆ ಅದೇ ಕೆಲಸ ಇನ್ನೊಬ್ಬರ ಪಕ್ಕದಲ್ಲಿ ಕೂತು. ಐಎನ್‌ಎಫ್‌ಪಿಗೆ ದಿನಕ್ಕೆ ಮೂರು ಸಾಲಿನ ಜಮಾಖರ್ಚು, ಎಕ್ಸೆಲ್ ಬೇಡ. ಇಎನ್‌ಟಿಪಿಗೆ ಒಂದೇ ಹೊತ್ತಿಗೆ ಊಟ, ಹತ್ತು ದಿನ ಅದೇ ದಾರಿಯಲ್ಲಿ ನಡಿಗೆ. ಅದನ್ನು ಕೇಳಿದ ಕೂಡಲೇ 'ಯಾಕೆ?' ಎಂದು ವಾದಕ್ಕಿಳಿದರೆ ಸರಿಯಾದ ಜಾಗ ಮುಟ್ಟಿದ್ದೇವೆ ಎಂದರ್ಥ.

ಪರೀಕ್ಷೆಗೆ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಕೊಟ್ಟ ಕೆಲಸದಲ್ಲಿ ಒಂದೇ ವಾರಕ್ಕೆ ಚುರುಕಾದರೆ ಅದು ಇನ್‌ಫೀರಿಯರ್ ಅಲ್ಲ, ಟೈಪ್ ತಪ್ಪಾಗಿದೆ. ಇನ್‌ಫೀರಿಯರ್ ನಿಧಾನ, ಮುಟ್ಟಿದರೆ ಮುನಿ. ಆರು ವಾರವಾದರೂ ಕೈ ಕೂಡದೆ, ಆದರೆ ಬಿಡಲು ಮನಸ್ಸಾಗದೆ ಇದ್ದರೆ ಸರಿಯಾಗಿದೆ. ಲಾಭ ಕಾಣುವುದು ಆ ಕೆಲಸದಲ್ಲಲ್ಲ, ನೋಟ್‌ಬುಕ್ಕಿನ ನಾಲ್ಕನೆಯ ಕಾಲಂನಲ್ಲಿ. ಎರಡು ದಿನ ಹಿಡಿಯುತ್ತಿದ್ದದ್ದು ಮೂರ್ನಾಲ್ಕು ತಿಂಗಳಲ್ಲಿ ಅರ್ಧ ದಿನಕ್ಕೆ ಇಳಿದದ್ದನ್ನು ಹತ್ತಾರು ನೋಟ್‌ಬುಕ್ಕುಗಳಲ್ಲಿ ಕಂಡಿದ್ದೇನೆ.

ಹಣದ ವಿಷಯ. ನಾಲ್ಕು ಬೈಠಕ್ಕು, ಮೂರು ವಾರದ ನೋಟ್‌ಬುಕ್ ಓದುವುದು, ಒಬ್ಬರಿಗೆ ನನ್ನ ಸುಮಾರು 9 ಗಂಟೆ ಹೋಗುತ್ತದೆ. ಮೊದಲು 1,500 ತೆಗೆದುಕೊಳ್ಳುತ್ತಿದ್ದೆ, ಗಂಟೆಗೆ 170ಕ್ಕೂ ಕಡಿಮೆ ಬಿತ್ತು. ಈಗ 6,000. ಹಾಲ್ ಬಾಡಿಗೆ ಹಿಡಿದು ಗುಂಪಿನಲ್ಲಿ ಮಾಡಿದ್ದು ಎರಡು ಸಲ, ಎರಡೂ ಸಲ ಕೈಯಿಂದ ಹೋಯಿತು: ಗುಂಪಿನಲ್ಲಿ ಯಾರೂ ಮೂರನೆಯ ಕಾಲಂ ಓದುವುದಿಲ್ಲ. ಕಂಪನಿಯೊಂದು 40 ಜನರ ಕೆಲಸ ಕೊಡಲು ಮುಂದೆ ಬಂದು, ಕೊನೆಗೆ ಆ ಟೈಪ್ ಪಟ್ಟಿ ನೇಮಕಾತಿಗೆ ಬೇಕೆಂದಿತು. ಬಿಟ್ಟೆ. ಪ್ರಶ್ನಾವಳಿಯ ವಾರಸುದಾರರೇ ನೇಮಕಾತಿಗೆ ಬಳಸಬಾರದೆಂದು ಹೇಳುತ್ತಾರೆ, ಮನುಷ್ಯನ ದುರ್ಬಲ ಜಾಗದ ನೋಟ್‌ಬುಕ್ ಎಚ್‌ಆರ್ ಕೈಗೆ ಹೋಗುವುದಂತೂ ಆಗದ ಮಾತು. ಕೆಲಸ ಮುಗಿದ ದಿನ ನೋಟ್‌ಬುಕ್ ಬರೆದವರಿಗೇ ವಾಪಸ್, ನನ್ನ ಹತ್ತಿರ ಪ್ರತಿ ಇರುವುದಿಲ್ಲ. ಇಲ್ಲಿನ ಅಂಕಿಗಳನ್ನೆಲ್ಲ ನೆನಪಿನಿಂದಲೇ ಹೇಳುತ್ತಿರುವುದು ಅದರಿಂದಲೇ.

ಫಂಕ್ಷನ್‌ಗಳ ಈ ಸರಣಿಯನ್ನು ಅಂಕಿಅಂಶದವರು ಒಪ್ಪಿಲ್ಲ, ಅದನ್ನು ಬಂದವರಿಗೆ ಮೊದಲ ಬೈಠಕ್ಕಿನಲ್ಲೇ ಹೇಳುತ್ತೇನೆ. ನನ್ನ ಕ್ರಮ ಎಲ್ಲ ಟೈಪಿನಲ್ಲೂ ಸಮನಾಗಿ ಗಟ್ಟಿಯಿಲ್ಲ ಎಂಬುದೂ ನಿಜ. ಇಎಸ್‌ಟಿಪಿ, ಇಎಸ್‌ಎಫ್‌ಪಿಗಳು ಮೂರು ವಾರ ಕೂತು ಬರೆಯುವವರಲ್ಲ. ನನ್ನ 70ರಲ್ಲಿ ಅವರು ಆರೇಳು ಜನ ಇದ್ದರೆ ಹೆಚ್ಚು. ಅವರಿಗೆ ನೋಟ್‌ಬುಕ್ ಬದಲು 30 ಸೆಕೆಂಡಿನ ವಾಯ್ಸ್ ಮೆಸೇಜ್ ಕೊಟ್ಟು ನೋಡುತ್ತಿದ್ದೇನೆ. ಘಟನೆ ನಡೆದ ಹತ್ತು ನಿಮಿಷದೊಳಗೆ ಕಳಿಸಬೇಕು, ಮಲಗಿ ಎದ್ದು ಕಳಿಸಿದ್ದು ಬೇಡ. ಈವರೆಗೆ ಮೂವರು ಪೂರ್ತಿ ಮಾಡಿದ್ದಾರೆ. ಎರಡರಲ್ಲಿ 'ಇದೆಲ್ಲಾ ಏನೋ ಹೇಳ್ತಿದೆ' ಎಂಬ ಮಾತು ಹೆಚ್ಚುಕಮ್ಮಿ ಅದೇ ಶಬ್ದಗಳಲ್ಲಿ ಸಿಕ್ಕಿದೆ.