ಕೀನ್ಯಾ ಪ್ರವಾಸಕ್ಕೆ ಯೆಲ್ಲೋ ಕಾರ್ಡ್ ಮಾಡಿಸಿದ್ದು

ಮಸಾಯಿ ಮಾರಾ ವನ್ಯಧಾಮ ನೋಡಲು ಕೀನ್ಯಾಕ್ಕೆ ಹೊರಟಾಗ ವೀಸಾಕ್ಕಿಂತ ಜಾಸ್ತಿ ಓಡಾಡಿಸಿದ್ದು ಹಳದಿ ಜ್ವರದ ಲಸಿಕೆ. ಭಾರತದಿಂದ ನೇರವಾಗಿ ಹೋಗುವವರಿಗೆ ಕೀನ್ಯಾ ಅದನ್ನು ಕಡ್ಡಾಯ ಮಾಡಿಲ್ಲ. ಪಕ್ಕದ ಉಗಾಂಡಾಕ್ಕಾದರೆ ಬೇಕೇ ಬೇಕು. ಹಾಗಂತ ಸುಮ್ನಿದ್ದರೆ ಪೇಚಾಟ ಶುರುವಾಗುವುದು ವಾಪಸ್ ಬಂದು ನಮ್ಮ ಏರ್‌ಪೋರ್ಟಿನಲ್ಲಿ ಇಳಿದಾಗ. ಲಸಿಕೆ ಹಾಕಿಸಿದ್ದಕ್ಕೆ ಪುರಾವೆಯಾಗಿ ಕೊಡುವ ಯೆಲ್ಲೋ ಕಾರ್ಡ್ ಇಲ್ಲದವರನ್ನು 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡುವ ಅಧಿಕಾರ ನಮ್ಮ ಸರ್ಕಾರಕ್ಕಿದೆ.

ಈ ಬಿಗಿ ಸರಿಯೇ ಅನ್ನುವುದು ನನ್ನ ಅಭಿಪ್ರಾಯ. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಹಳದಿ ಜ್ವರವನ್ನೂ ಹರಡುತ್ತದೆ. ಸೊಳ್ಳೆಗೆ ನಮ್ಮಲ್ಲಿ ಬರವಿಲ್ಲ, ಆ ವೈರಸ್ ಮಾತ್ರ ಇನ್ನೂ ಬಂದಿಲ್ಲ. ಸೋಂಕು ತಗುಲಿದರೆ ಸಾಮಾನ್ಯವಾಗಿ 3ರಿಂದ 6 ದಿನದಲ್ಲಿ ಜ್ವರ ಕಾಣಿಸುತ್ತದೆ. ಆರು ದಿನದ ಲೆಕ್ಕ ಅಲ್ಲಿಂದ ಬಂದದ್ದು.

ಈ ಲಸಿಕೆಯನ್ನು ಮನೆ ಹತ್ತಿರದ ಡಾಕ್ಟರು ಕೊಟ್ಟರೆ ನಡೆಯುವುದಿಲ್ಲ. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು. ಮೊದಲೇ ಹೆಸರು ಬರೆಸಿ, ಅವರು ಹೇಳಿದ ದಿನವೇ ಹೋಗಬೇಕು. ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ನರ್ಸ್ ನಮ್ಮ ಕಣ್ಣೆದುರೇ ದ್ರಾವಣ ಬೆರೆಸಿದರು. ಬೆರೆಸಿದ ಮೇಲೆ 6 ಗಂಟೆಯೊಳಗೆ ಖಾಲಿಯಾಗಬೇಕು, ಉಳಿದದ್ದು ಕಸಕ್ಕೆ. ಒಂದೇ ಬಾಟಲಿಯಲ್ಲಿ ಹಲವರಿಗಾಗುವಷ್ಟು ಇರುತ್ತದೆ, ಹಾಗಾಗಿ ಜನ ಸೇರಿದ ಮೇಲೆಯೇ ಮುಚ್ಚಳ ತೆಗೆಯುತ್ತಾರೆ. ಅಷ್ಟು ಹೊತ್ತು ಕಾಯಿಸಿದ್ದಕ್ಕೆ ಗೊಣಗುತ್ತಿದ್ದ ನನಗೆ ಆಗ ವಿಷಯ ಅರ್ಥವಾಯಿತು.

ಅಮ್ಮನನ್ನೂ ಕರೆದುಕೊಂಡು ಹೋಗುವ ಆಸೆಯಿತ್ತು. ಆದರೆ ಇದು ಬಲ ಕುಗ್ಗಿಸಿದ ಜೀವಂತ ವೈರಸ್‌ನ ಲಸಿಕೆ. 60 ದಾಟಿದವರು ಮೊದಲ ಸಲ ಹಾಕಿಸಿಕೊಂಡರೆ ಗಂಭೀರ ತೊಂದರೆಯ ಸಾಧ್ಯತೆ, ಅಪರೂಪವಾದರೂ, ಕಿರಿಯರಿಗಿಂತ ಜಾಸ್ತಿ. ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಕೂಡ ಮೊದಲು ಡಾಕ್ಟರ ಹತ್ತಿರ ಮಾತಾಡಲೇಬೇಕು. "ಸಿಂಹ ನೋಡೋಕೆ ಬನ್ನೇರುಘಟ್ಟ ಸಾಕು ಬಿಡಪ್ಪ" ಅಂದುಬಿಟ್ಟರು ಅಮ್ಮ. ಅವರ ಡಾಕ್ಟರೂ ಅದೇ ಒಳ್ಳೇದು ಅಂದರು.

ಚುಚ್ಚಿದ್ದು ಕ್ಷಣದ ಕೆಲಸ. ನಾನು ಮೈಯೆಲ್ಲ ಕಣ್ಣಾಗಿ ನೋಡಿದ್ದು ಕಾರ್ಡನ್ನು. ಹೆಸರು, ಪಾಸ್‌ಪೋರ್ಟ್ ನಂಬರ್, ಲಸಿಕೆಯ ಬ್ಯಾಚ್ ನಂಬರ್, ಕೈಯಾರೆ ಹಾಕಿದ ಸಹಿ, ಕೇಂದ್ರದ ಸೀಲು, ಎಲ್ಲವೂ ಇರಬೇಕು. ನನ್ನ ಕಾರ್ಡಿನಲ್ಲಿ ಬರೆಯುವವರು ತಾರೀಖು ತಪ್ಪಿ ಅದರ ಮೇಲೇ ತಿದ್ದಿದರು. "ಸಾರ್, ಇದನ್ನ ಒಪ್ಪಲ್ಲ, ಬೇರೆ ಬರ್ಕೊಡಿ" ಅಂದೆ. ಮುಖ ಸಿಂಡರಿಸಿದರು, ಆದರೆ ಕೊಟ್ಟರು. ತಿದ್ದಿದ, ಅಳಿಸಿದ ಕಾರ್ಡನ್ನು ತಿರಸ್ಕರಿಸಬಹುದು ಅಂತ ಅಂತರರಾಷ್ಟ್ರೀಯ ಆರೋಗ್ಯ ನಿಯಮವೇ ಹೇಳುತ್ತದೆ. ಕೌಂಟರ್ ಬಿಡುವ ಮುಂಚೆ ಅಲ್ಲೇ ನಿಂತು ಓದಿಕೊಳ್ಳಿ.

ಕಾರ್ಡಿಗೆ ಬೆಲೆ ಬರುವುದು ಲಸಿಕೆ ಹಾಕಿದ 10 ದಿನದ ನಂತರ. ಹೋಗಿಬರುವ ತಾರೀಖು ಅದಕ್ಕೆ ಹೊಂದಿಸಿ ಟಿಕೆಟ್ ತೆಗೆದೆವು. ಒಂದೆರಡು ದಿನ ತೋಳು ನೋಯಿತು, ಮೈ ಸ್ವಲ್ಪ ಬೆಚ್ಚಗಾಯಿತು, ಅಷ್ಟೇ.

ಜೊತೆಗೆ ಬಂದ ಗೆಳೆಯನ ಹಳೆಯ ಕಾರ್ಡಿನಲ್ಲಿ 10 ವರ್ಷದ ಅವಧಿ ಮುಗಿದಿತ್ತು. ಮತ್ತೆ ಚುಚ್ಚಿಸಿಕೊಳ್ಳಲು ಹೊರಟಿದ್ದವನನ್ನು ತಡೆದೆ. 2016ರ ಜುಲೈ 11ರಿಂದ ಈ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ, ಅದಕ್ಕಿಂತ ಹಿಂದೆ ಕೊಟ್ಟದ್ದು ಕೂಡ. ವಾಪಸ್ ಬಂದಾಗ ಬೆಂಗಳೂರಿನ ಆರೋಗ್ಯ ಕೌಂಟರಿನಲ್ಲಿ ಅವನ ಕಾರ್ಡನ್ನೂ ನನ್ನದನ್ನೂ ನೋಡಿ ತಕರಾರಿಲ್ಲದೆ ಕಳಿಸಿದರು.