ಮೊಸರನ್ನಕ್ಕೆ ಮೊಸರಲ್ಲ, ಹಾಲು

ಕಚೇರಿಗೆ ಮೊಸರನ್ನ ಒಯ್ಯುವವರು ಬೆಳಿಗ್ಗೆ ಮೊಸರು ಸುರಿಯಬೇಡಿ. ಮೆತ್ತಗಿನ ಅನ್ನವನ್ನು ಹಿಸುಕಿ, ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲನ್ನು ಧಾರಾಳವಾಗಿ ಹಾಕಿ, ಒಂದೇ ಚಮಚ ಮೊಸರು ಬೆರೆಸಿ ಡಬ್ಬಿಗೆ ತುಂಬಿ. ಮಧ್ಯಾಹ್ನದ ಹೊತ್ತಿಗೆ ಹಾಲು ಡಬ್ಬಿಯೊಳಗೇ ಹೆಪ್ಪಾಗುತ್ತಾ ಬಂದಿರುತ್ತದೆ, ಹುಳಿ ಏರಿರುವುದಿಲ್ಲ. ಹುಳಿಯಾದ ಬುತ್ತಿಯನ್ನು ಮುಚ್ಚಿಟ್ಟು ಹೋಟೆಲಿಗೆ ನಡೆದರೆ ಉಳಿತಾಯವೆಲ್ಲಿಂದ ಬರಬೇಕು? ಕಲಸುವಾಗ ತೀರಾ ತೆಳ್ಳಗೆ ಕಂಡರೂ ಗಾಬರಿಯಾಗಬೇಡಿ, ಅನ್ನ ಹೀರಿಕೊಳ್ಳುತ್ತದೆ. ಅನ್ನವೋ ಹಾಲೋ ಸುಡುವಂತಿದ್ದರೆ ಮಾತ್ರ ಹೆಪ್ಪು ಕೆಡುತ್ತದೆ. ನಮ್ಮ ಚಿಕ್ಕಮಗಳೂರಿನ ಆಷಾಢದ ಥಂಡಿಯಲ್ಲಿ ಈ ಉಪಾಯ ಕೈಕೊಡುವುದುಂಟು. ಆಗ ಎರಡು ಚಮಚ ಮೊಸರು ಹಾಕಿ, ಡಬ್ಬಿಗೆ ದಪ್ಪ ಟವೆಲ್ ಸುತ್ತಿ. ಈರುಳ್ಳಿ, ಮಿಡಿ ಉಪ್ಪಿನಕಾಯಿ ಬೇರೆ ಡಬ್ಬಿಯಲ್ಲಿರಲಿ.